ಪೆಪ್ಟೈಡ್ ಬಾಲದ ಪಿಎನ್‌ಎ: ನಾನು ಕಟ್ಟಿದ್ದು ಹೀಗೆ

ನಾನು ಕಟ್ಟೋ ಅಣುವಿನ ಕೆಲಸ ಹೇಳೋದಕ್ಕೆ ಸುಲಭ. ಬ್ಯಾಕ್ಟೀರಿಯಾದ ಒಳಗೆ ಹೋಗಬೇಕು, ಒಂದೇ ಒಂದು ಜೀನ್‌ನ ಆರ್‌ಎನ್‌ಎಗೆ ಅಂಟಿಕೊಳ್ಳಬೇಕು, ಅದರಿಂದ ಪ್ರೋಟೀನ್ ತಯಾರಾಗದ ಹಾಗೆ ತಡೆಯಬೇಕು. ಆಂಟಿಸೆನ್ಸ್ ಅನ್ನೋದು ಇದನ್ನೇ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ 2016ರಲ್ಲಿ ಒಪ್ಪಿಗೆ ಸಿಕ್ಕ ನುಸಿನರ್ಸೆನ್ ಕೂಡ ಆಂಟಿಸೆನ್ಸ್ ಔಷಧಿಯೇ. ಅದು ಆರ್‌ಎನ್‌ಎಯ ಸ್ಪ್ಲೈಸಿಂಗ್ (ಆರ್‌ಎನ್‌ಎ ತುಂಡುಗಳನ್ನು ಕತ್ತರಿಸಿ ಜೋಡಿಸೋ ಹಂತ) ಬದಲಿಸುತ್ತದೆ, ನನ್ನದು ಅನುವಾದವನ್ನೇ, ಅಂದರೆ ಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟೋ ಹಂತವನ್ನೇ ನಿಲ್ಲಿಸುತ್ತದೆ. ಆದರೆ ನಾನು ಬಳಸಿದ್ದು ಆ ರಸಾಯನ ಅಲ್ಲ, ಪಿಎನ್‌ಎ.

ಪಿಎನ್‌ಎ ಅಂದರೆ ಪೆಪ್ಟೈಡ್ ನ್ಯೂಕ್ಲಿಕ್ ಆಸಿಡ್. 1991ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೀಟರ್ ನೀಲ್ಸನ್ ಮತ್ತು ಜೊತೆಗಾರರು ಇದನ್ನು ಮೊದಲು ತೋರಿಸಿದರು. ಬೇಸ್‌ಗಳು, ಅಂದರೆ ಎ, ಟಿ, ಜಿ, ಸಿ ಅನ್ನೋ ಅಕ್ಷರಗಳು, ಡಿಎನ್‌ಎಯಲ್ಲಿ ಇರೋವೇ. ಬೆನ್ನೆಲುಬು ಮಾತ್ರ ಬೇರೆ, ಸಕ್ಕರೆ–ಫಾಸ್ಫೇಟ್ ಜಾಗದಲ್ಲಿ ಅಮಿನೋಈಥೈಲ್‌ಗ್ಲೈಸಿನ್ ಇದೆ. ಫಾಸ್ಫೇಟ್ ಇಲ್ಲ ಅಂದಮೇಲೆ ಋಣ ವಿದ್ಯುದಂಶವೂ ಇಲ್ಲ. ಹಾಗಾಗಿ ಎದುರಿನ ಎಳೆಯನ್ನು ದೂರ ತಳ್ಳೋದಿಲ್ಲ, ಡಿಎನ್‌ಎಗಿಂತ ಬಿಗಿಯಾಗಿ ಹಿಡಿಯುತ್ತದೆ. ಡಿಎನ್‌ಎ, ಆರ್‌ಎನ್‌ಎ ಕತ್ತರಿಸೋ ನ್ಯೂಕ್ಲಿಯೇಸ್‌ಗೂ ಪ್ರೋಟೀನ್ ಕತ್ತರಿಸೋ ಪ್ರೋಟಿಯೇಸ್‌ಗೂ ಇದು ಗುರುತು ಸಿಗೋದಿಲ್ಲ. ಒಂದೇ ತೊಂದರೆ, ತಾನಾಗಿ ಕೋಶದೊಳಗೆ ಹೋಗೋದಿಲ್ಲ. ಅದಕ್ಕೇ ಒಂದು ಪೆಪ್ಟೈಡ್ (ಅಮಿನೋ ಆಮ್ಲಗಳ ಚಿಕ್ಕ ಸರಪಳಿ) ಬಾಲ ಕಟ್ಟಬೇಕು.

ಗುರಿ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾದ ಎಸಿಪಿಪಿ ಜೀನ್. ಇದರಿಂದ ಬರೋ ಪ್ರೋಟೀನ್ ಇಲ್ಲದೆ ಬ್ಯಾಕ್ಟೀರಿಯಾ ಕೊಬ್ಬಿನಾಮ್ಲ ಕಟ್ಟೋದಕ್ಕಾಗಲ್ಲ, ಬದುಕೋದಕ್ಕೂ ಆಗಲ್ಲ. 2001ರಲ್ಲಿ ಲಿಯಾಮ್ ಗುಡ್, ನೀಲ್ಸನ್ ಮತ್ತಿತರರು ಇದೇ ಜೀನ್ ಮೇಲೆ ಪೆಪ್ಟೈಡ್–ಪಿಎನ್‌ಎ ಪ್ರಯೋಗಿಸಿ ಬ್ಯಾಕ್ಟೀರಿಯಾ ಸಾಯೋದನ್ನು ತೋರಿಸಿದ್ದರು. ನಾನೂ ಆ ಸರಣಿಯನ್ನೇ ತಗೊಂಡೆ: ಸಿಟಿಸಿ ಎಟಿಎ ಸಿಟಿಸಿ ಟಿ. ಹತ್ತೇ ಬೇಸ್. ಇದಕ್ಕೆ ಜೋಡಿಯಾಗೋ ಸರಣಿ ಎಜಿಎಜಿಟಿ ಎಟಿಜಿ ಎಜಿ. ಮಧ್ಯದ ಎಟಿಜಿ ನೋಡಿದಿರಾ? ಪ್ರೋಟೀನ್ ಶುರುವಾಗೋ ಜಾಗವೇ ಅದು. ಪ್ರೋಟೀನ್ ಕಟ್ಟೋ ಯಂತ್ರವಾದ ರೈಬೋಸೋಮ್ ಬಂದು ಕೂರಬೇಕಾದ ಕಡೆ ನಮ್ಮ ಅಣು ಮೊದಲೇ ಕೂತಿರುತ್ತದೆ.

ಕಟ್ಟೋದು ರಸಾಯನಶಾಸ್ತ್ರಜ್ಞ ಮೆರಿಫೀಲ್ಡ್ 1963ರಲ್ಲಿ ತೋರಿಸಿದ ಘನ ಆಧಾರದ ದಾರಿಯಲ್ಲೇ, ಅಂದರೆ ಮಣಿಗೆ ಹತ್ತಿಸಿ ಒಂದೊಂದೇ ತುಂಡು ಸೇರಿಸುತ್ತಾ. ರಿಂಕ್ ಅಮೈಡ್ ರೆಸಿನ್ ಮಣಿಗಳ ಮೇಲೆ ಕೊನೆಯ ಟಿಯಿಂದ ಶುರು. ಹತ್ತು ಬೇಸ್, ಆಮೇಲೆ ಒಂದು ಈಥೈಲೀನ್ ಗ್ಲೈಕಾಲ್ ಕೊಂಡಿ, ಆಮೇಲೆ ಬಾಲದ ಅಮಿನೋ ಆಮ್ಲಗಳಾದ ಲೈಸಿನ್–ಫಿನೈಲ್‌ಅಲನಿನ್–ಫಿನೈಲ್‌ಅಲನಿನ್ ಮೂರು ಸಲ, ತುದಿಗೆ ಇನ್ನೊಂದು ಲೈಸಿನ್. ಒಟ್ಟು 21 ಜೋಡಣೆ. ಪ್ರತಿ ಜೋಡಣೆ ಶೇ. 99 ಆದರೆ ಕೊನೆಗೆ ಪೂರ್ತಿ ಸರಪಳಿ ಸುಮಾರು ಶೇ. 81 ಉಳಿಯುತ್ತದೆ. ಶೇ. 95 ಆದರೆ ಬರೀ 34. ಈ ಲೆಕ್ಕ ತಲೆಯಲ್ಲಿದ್ದರೆ ಒಂದು ಹಂತವನ್ನೂ 'ಆಗಿರುತ್ತೆ ಬಿಡು' ಅಂತ ದಾಟೋದಕ್ಕೆ ಮನಸ್ಸು ಬರೋದಿಲ್ಲ.

ರೆಸಿನ್ ಮೇಲೆ ಜಾಸ್ತಿ ಸರಪಳಿ ಹತ್ತಿಸಬೇಡಿ. ಗ್ರಾಮಿಗೆ 0.2 ಮಿಲಿಮೋಲ್‌ಗಿಂತ ಕಡಿಮೆ ಇಟ್ಟೆ, ಯಾಕಂದರೆ ಪಿಎನ್‌ಎ ಎಳೆಗಳು ಒಂದಕ್ಕೊಂದು ಅಂಟಿಕೊಂಡರೆ ಒಳಗಿನ ಅಮೀನ್ (ಮುಂದಿನ ತುಂಡು ಕೂಡಬೇಕಾದ ತುದಿ) ತನಕ ಮಾನೋಮರ್ (ಸೇರಿಸೋ ಒಂದೊಂದು ತುಂಡು) ತಲುಪೋದೇ ಇಲ್ಲ. ಜೋಡಣೆಗೆ ಎಚ್‌ಎಟಿಯು ಅನ್ನೋ ರಾಸಾಯನಿಕ, ಅಮೀನನ್ನು ಮುಚ್ಚಿಟ್ಟಿರೋ ಎಫ್‌ಮಾಕ್ ತೆಗೆಯೋದಕ್ಕೆ ಡಿಎಂಎಫ್ ದ್ರಾವಕದಲ್ಲಿ ಶೇ. 20 ಪಿಪರಿಡಿನ್. ಇಲ್ಲಿ ಪೆಪ್ಟೈಡ್ ಮಾಡಿ ರೂಢಿಯಾದವರು ಗಮನಿಸಬೇಕಾದ್ದು ಒಂದಿದೆ. ಎಫ್‌ಮಾಕ್ ಹೋದಮೇಲೆ ಪಿಎನ್‌ಎಯ ತುದಿಯ ಅಮೀನ್ ಸುಮ್ನೆ ಕೂರೋದಿಲ್ಲ. ತನ್ನದೇ ಬೇಸನ್ನು ಹಿಡಿದಿರೋ ಅಮೈಡ್ ಮೇಲೆ ದಾಳಿ ಮಾಡುತ್ತದೆ, ಬೇಸ್ ಜಾಗ ಬದಲಿಸಿ ತುದಿಗೆ ಬರುತ್ತದೆ, ಆ ಸರಪಳಿ ಅಲ್ಲಿಗೇ ಮುಗಿಯಿತು. ಅದಕ್ಕೇ ಪಿಪರಿಡಿನ್ ಹೊತ್ತು ಚಿಕ್ಕದಾಗಿ ಇಟ್ಟು, ಮುಂದಿನ ಮಾನೋಮರನ್ನು ಎಚ್‌ಎಟಿಯು ಜೊತೆ ಮೊದಲೇ ಕಲಸಿ ಸಿದ್ಧ ಇಟ್ಟುಕೊಂಡು, ತೊಳೆದ ತಕ್ಷಣ ಸುರಿಯುತ್ತೇನೆ. ಊಟಕ್ಕೆ ಹೋಗೋದಿದ್ದರೆ ಎಫ್‌ಮಾಕ್ ಇರುವಾಗಲೇ ಹೋಗಿ.

ಪ್ರತಿ ಜೋಡಣೆಯಾದ ಮೇಲೆ ಕೈಸರ್ ಟೆಸ್ಟ್. ನಾಲ್ಕೈದು ಮಣಿ ತೆಗೆದು, ಚೆನ್ನಾಗಿ ತೊಳೆದು, ನಿನ್‌ಹೈಡ್ರಿನ್ ಹಾಕಿ ಬಿಸಿ ಮಾಡಿ. ಮಣಿ ನೀಲಿ ಆದರೆ ಅಮೀನ್ ಇನ್ನೂ ಉಳಿದಿದೆ. ಹಳದಿ ಇದ್ದರೆ ಮುಂದೆ ಹೋಗಬಹುದು. ದ್ರವದ ಬಣ್ಣ ಒಂದೇ ನೋಡಬೇಡಿ, ಮಣಿಯನ್ನು ಬೆಳಕಿಗೆ ಹಿಡಿದು ನೋಡಿ. ಕೆಲವು ಸಲ ದ್ರವ ಹಳದಿ ಇದ್ದರೂ ಮಣಿಯ ನಡುವೆ ನಸುನೀಲಿ ಕಾಣುತ್ತದೆ. ಹಾಗೆ ಕಂಡಾಗ ನಾನು ಅದೇ ಮಾನೋಮರ್ ಇನ್ನೊಮ್ಮೆ ಜೋಡಿಸುತ್ತೇನೆ, ಆಮೇಲೂ ಉಳಿದಿದ್ದನ್ನು ಅಸಿಟಿಕ್ ಅನ್‌ಹೈಡ್ರೈಡ್‌ನಿಂದ ಮುಚ್ಚುತ್ತೇನೆ. ಮುಚ್ಚದೆ ಬಿಟ್ಟರೆ ಒಂದೇ ಬೇಸ್ ಕಡಿಮೆ ಇರೋ ಸರಪಳಿ ಕೊನೆತನಕ ಬೆಳೆದು, ಅಣುಗಳನ್ನು ಬೇರ್ಪಡಿಸೋ ಎಚ್‌ಪಿಎಲ್‌ಸಿಯಲ್ಲಿ ಬೇಕಾದ ಪೀಕ್‌ಗೆ ಅಂಟಿಕೊಂಡೇ ಬರುತ್ತದೆ. ಅದನ್ನು ಬಿಡಿಸೋದು ನಿಜವಾಗಲೂ ಕಷ್ಟ.

ಟಿಎಫ್‌ಎ ಅನ್ನೋ ಆಮ್ಲ ಹಾಕಿದರೆ ಬೇಸ್‌ಗಳನ್ನು ಮುಚ್ಚಿದ್ದ ಬಿಹಾಕ್, ಲೈಸಿನನ್ನು ಮುಚ್ಚಿದ್ದ ಬಾಕ್, ರೆಸಿನ್ ಎಲ್ಲ ಒಟ್ಟಿಗೇ ಬಿಡುತ್ತವೆ. ತಣ್ಣನೆಯ ಈಥರ್‌ನಲ್ಲಿ ಬಿಳಿ ಪುಡಿ ಇಳಿಯುತ್ತದೆ. ಎಚ್‌ಪಿಎಲ್‌ಸಿ ಕಾಲಂ 55 ಡಿಗ್ರಿಯಲ್ಲಿ ಓಡಿಸಿ, ತಣ್ಣಗಿದ್ದರೆ ಪೀಕ್ ಅಗಲವಾಗುತ್ತದೆ. ಅಣುವಿನ ತೂಕ ಅಳೆಯೋ ಮಾಲ್ಡಿಯಲ್ಲಿ ಸುಮಾರು 4178 ಬರಬೇಕು. 266 ಕಡಿಮೆ ಬಂದರೆ ಒಂದು ಟಿ ಹೋಗಿದೆ, 251 ಆದರೆ ಒಂದು ಸಿ, 147 ಆದರೆ ಒಂದು ಫಿನೈಲ್‌ಅಲನಿನ್. ಪ್ರಮಾಣ ಅಳೆಯೋದು ದ್ರಾವಣ ಬಿಸಿ ಮಾಡಿ, 260 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ನೋಡಿ. ಈ ಸರಣಿಗೆ ಮೋಲಾರ್ ಹೀರಿಕೆ 88,200 ಅಂತ ಲೆಕ್ಕ ಹಾಕಿದೆ. ಪುಡಿ ತೂಗಿ ಲೆಕ್ಕ ಹಾಕಿದರೆ ನಂಬೋಕಾಗಲ್ಲ, ಅದರಲ್ಲಿ ನೀರು, ಟಿಎಫ್‌ಎ ಲವಣ ಎರಡೂ ಇರುತ್ತವೆ. ಬ್ಯಾಕ್ಟೀರಿಯಾಗೆ ಕೊಡೋ ಮೊದಲು ಆ ಟಿಎಫ್‌ಎ ತೆಗೆಯಬೇಕು. ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಮತ್ತೆ ಮತ್ತೆ ಫ್ರೀಜ್‌ಡ್ರೈ ಮಾಡಿದರೆ ಹೋಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಮಾತು. ಈ ಪೆಪ್ಟೈಡ್ ಬ್ಯಾಕ್ಟೀರಿಯಾದ ಪೊರೆಯನ್ನು ಸಡಿಲ ಮಾಡಿಯೇ ಒಳಗೆ ದಾರಿ ಮಾಡಿಕೊಡುತ್ತದೆ. ಪ್ರಮಾಣ ಜಾಸ್ತಿಯಾದರೆ ಬಾಲವೊಂದೇ ಕೊಲ್ಲಬಹುದು. ಹಾಗಿರುವಾಗ ಟ್ಯೂಬ್ ತಿಳಿಯಾಯಿತು, ಬೆಳವಣಿಗೆ ನಿಂತಿತು ಅಂದ ಮಾತ್ರಕ್ಕೆ ಆಂಟಿಸೆನ್ಸ್ ಕೆಲಸ ಮಾಡಿತು ಅಂತ ಹೇಗೆ ಹೇಳೋದು? ಅದಕ್ಕೆ ಇನ್ನೊಂದು ಅಣುವನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟಿದೆ: ಸಿಟಿಸಿ ಟಿಟಿಎ ಸಿಎಸಿ ಟಿ. ಒಂದು ಎ, ಒಂದು ಟಿ ಅದಲುಬದಲು, ಅಷ್ಟೇ. ಬೇಸ್‌ಗಳ ಎಣಿಕೆ ಒಂದೇ, ಹಾಗಾಗಿ ತೂಕವೂ ಒಂದೇ. ಇವೆರಡರಲ್ಲಿ ಯಾವುದು ಯಾವುದು ಅಂತ ಮಾಲ್ಡಿ ಹೇಳೋದಿಲ್ಲ. ಗುರುತು ಹಿಡಿಯೋದಕ್ಕೆ ಜೋಡಿ ಡಿಎನ್‌ಎ ಜೊತೆ ಸೇರಿಸಿ ಕರಗೋ ತಾಪ (ಎರಡು ಎಳೆ ಬಿಟ್ಟುಕೊಳ್ಳೋ ಬಿಸಿ) ನೋಡಿದೆ. ಸರಿಯಾದದ್ದು ಗಟ್ಟಿಯಾಗಿ ಹಿಡಿದಿತ್ತು, ಅದಲುಬದಲಾದದ್ದು ಎಷ್ಟೋ ಮೊದಲೇ ಬಿಟ್ಟಿತು.

ಬ್ಯಾಕ್ಟೀರಿಯಾ ಮೇಲೆ ಹಾಕುವಾಗ ಮೂರು ಸಾಲು ಇಟ್ಟೆ: ಸರಿಯಾದದ್ದು, ಅದಲುಬದಲಾದದ್ದು, ಬರೀ ಪೆಪ್ಟೈಡ್. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸದ ಮುಲ್ಲರ್–ಹಿಂಟನ್ ಸಾರು, ಅಂದರೆ ಬ್ಯಾಕ್ಟೀರಿಯಾ ಬೆಳೆಸೋ ದ್ರವ. ಪ್ಲಾಸ್ಟಿಕ್ ಮಾತ್ರ ಕಡಿಮೆ ಅಂಟೋದೇ ಬೇಕು, ಇಲ್ಲದಿದ್ದರೆ ಧನ ವಿದ್ಯುದಂಶದ ಈ ಅಣು ಗೋಡೆಗೇ ಹತ್ತಿಕೊಳ್ಳುತ್ತದೆ. ಕೆಲವೇ ಮೈಕ್ರೊಮೋಲಾರ್‌ನಲ್ಲಿ ಮೊದಲ ಸಾಲು ತಿಳಿಯಾಗಿ ನಿಂತಿತು, ಉಳಿದೆರಡು ಸಾಲು ಮಬ್ಬಾಗಿ ಬೆಳೆದವು. ಆ ಎರಡು ಮಬ್ಬು ಸಾಲು ನೋಡಿದಾಗಲೇ ನನಗೆ ನಿಜವಾದ ಖುಷಿ.

ಇದರಲ್ಲೇ ಬದುಕಿ ಉಳಿದ ಬ್ಯಾಕ್ಟೀರಿಯಾ ಬಗ್ಗೆಯೂ ಹೇಳಬೇಕು. ಪ್ರಕಟವಾದ ಕೆಲಸಗಳಲ್ಲಿ ಇಂಥವುಗಳ ಎಸ್‌ಬಿಎಂಎ ಅನ್ನೋ ಒಳಪೊರೆಯ ಸಾಗಣೆ ಪ್ರೋಟೀನ್ ಕೆಟ್ಟಿರೋದು ಸಿಕ್ಕಿದೆ. ಪೆಪ್ಟೈಡ್ ತುಂಡಾದ ಮೇಲೆ ಪಿಎನ್‌ಎ ಒಳಗೆ ಹೋಗೋದು ಅದರ ಮೂಲಕ. ಆ ಬಾಗಿಲು ಮುಚ್ಚಿದರೆ ಎಷ್ಟು ಒಳ್ಳೆ ಸರಣಿ ಇದ್ದರೂ ಹೊರಗೇ. ಹಾಗಾಗಿ ಈಗ ಅದೇ ಹತ್ತು ಬೇಸ್ ಇಟ್ಟುಕೊಂಡು, ಬಾಲವನ್ನು ಮಾತ್ರ ಪ್ರೋಟಿಯೇಸ್ ಕತ್ತರಿಸಲಾರದ ಡಿ-ಅಮಿನೋ ಆಮ್ಲಗಳಿಂದ ಕಟ್ಟುತ್ತಿದ್ದೇನೆ. ಅದರ ಅದಲುಬದಲು ಜೋಡಿಯೂ ಪಕ್ಕದ ಟ್ಯೂಬಿನಲ್ಲೇ ಬೆಳೆಯುತ್ತಿದೆ.