ಅಡಿಕೆ ಡ್ರೈಯರ್‌ನ ಬಿಸಿ ಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ

ಶಿರಸಿ ಕಡೆ ಮೋಡ ಮುಸುಕಿದರೆ ಅಂಗಳದ ಅಡಿಕೆ ಡ್ರೈಯರ್ ಸೇರುತ್ತದೆ. ಒಳಗಿನ ಬಿಸಿಯನ್ನು ಬಿಡದೆ ದಾಖಲಿಸಲು ಒಂದು ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್), ಸ್ಟೀಲ್ ಕೊಳವೆಯ ಡಿಎಸ್18ಬಿ20 ಉಷ್ಣಾಂಶ ಸೆನ್ಸರ್, 4.7 ಕಿಲೋಓಮ್ ರೆಸಿಸ್ಟರ್, ಯುಎಸ್‌ಬಿ ಕೇಬಲ್ ಸಾಕು. ಕೇಬಲ್ ನೋಡಿ ಆರಿಸಿ: ಬರೀ ಚಾರ್ಜಿಂಗಿನದಾದರೆ ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿನಲ್ಲಿ ಅದರ ಪೋರ್ಟ್ ಮಾತ್ರ ಕಾಣಿಸುವುದಿಲ್ಲ.

ಸಾಮಾನ್ಯವಾಗಿ ಸೆನ್ಸರಿನ ಕೆಂಪು ತಂತಿ ಬೋರ್ಡಿನ 3.3 ವೋಲ್ಟ್‌ಗೆ, ಕಪ್ಪು ಗ್ರೌಂಡ್‌ಗೆ, ಹಳದಿ 4ನೇ ಜಿಪಿಐಒ (ಸಂಕೇತ ಬಂದುಹೋಗುವ) ಪಿನ್ನಿಗೆ. ರೆಸಿಸ್ಟರ್ ಕೆಂಪು-ಹಳದಿ ನಡುವೆ. ಇದನ್ನು ಬಿಟ್ಟವರಿಗೇ ಹೆಚ್ಚಾಗಿ ಪರದೆ ಮೇಲೆ -127 ಕಾಣುವುದು. ಇಲ್ಲವೇ ತಂತಿ ಸಡಿಲ. 85 ಎಂದೇ ಬಂದರೆ ಡ್ರೈಯರ್ ಕಾದಿದೆ ಎಂದುಕೊಳ್ಳಬೇಡಿ. ಅದು ಸೆನ್ಸರ್ ಆನ್ ಆದಾಗಿನ ಮೂಲ ಅಂಕಿ, ಅಳತೆ ಮುಗಿಯುವ ಮೊದಲೇ ಓದಿದ್ದೀರಿ. 12 ಬಿಟ್‌ನಲ್ಲಿ, ಅಂದರೆ ಸೆನ್ಸರಿನ ಅತಿ ಸೂಕ್ಷ್ಮ ಮಟ್ಟದಲ್ಲಿ, ಒಂದು ಅಳತೆಗೆ 750 ಮಿಲಿಸೆಕೆಂಡ್ ವರೆಗೆ ಬೇಕು. ಹಾಗಾಗಿ ಸೆಕೆಂಡಿಗೊಂದು ಸಾಲು ಸರಿ, ಅದಕ್ಕಿಂತ ಅವಸರ ಈ ಕೆಲಸಕ್ಕೆ ಬೇಡವೂ ಬೇಡ.

ಸೀರಿಯಲ್ ವೇಗ, ಅಂದರೆ ಮಾಹಿತಿ ಕಳಿಸುವ ವೇಗ, ಬೋರ್ಡ್ ಮತ್ತು ಕಂಪ್ಯೂಟರ್ ಎರಡೂ ಕಡೆ 115200 ಇರಲಿ. ಹೊಂದದಿದ್ದರೆ ಬರೀ ಗೀಚು ಅಕ್ಷರ. ಪ್ರತಿ ಸಾಲಿನಲ್ಲಿ ಸಮಯ, ಅಲ್ಪವಿರಾಮ, ಉಷ್ಣಾಂಶ. ಕರೆಂಟ್ ಹೋಗುವ ಊರಲ್ಲವೇ, ಸಾಲು ಬಂದ ಕೂಡಲೇ ಫೈಲಿಗೆ ಬರೆಸಿ. ಲ್ಯಾಪ್‌ಟಾಪಿನ ಸ್ಲೀಪ್ ಆಫ್ ಮಾಡಿ. ಬೋರ್ಡ್ ಡ್ರೈಯರಿನ ಹೊರಗೇ ಇರಲಿ, ಕೊಳವೆಯಷ್ಟೇ ಒಳಗೆ.