ನನಗೆ ಹಿಡಿಸಿದ ವಾದವೆಲ್ಲ ಗಟ್ಟಿ ಅಂದುಕೊಂಡಿದ್ದೆ

ಕೆಲಸಕ್ಕೆ ಅರ್ಜಿ ಹಾಕಿದ ಒಂದು ಕಡೆ ವಾಟ್ಸನ್-ಗ್ಲೇಸರ್ ಪರೀಕ್ಷೆ, ಅಂದರೆ ವಿಮರ್ಶಾತ್ಮಕವಾಗಿ ಯೋಚಿಸುವ ಶಕ್ತಿ ಅಳೆಯುವ ಪರೀಕ್ಷೆ, ಬರೆಯಬೇಕಿತ್ತು. ಅದರಲ್ಲಿ ಐದು ಭಾಗ. ನಾಲ್ಕು ಹೇಗೋ ದಡ ಸೇರಿದವು. ಉಳಿದದ್ದು ವಾದಗಳನ್ನು ತೂಗುವುದು. ಒಂದು ಸಾರ್ವಜನಿಕ ಪ್ರಶ್ನೆ, ಕೆಳಗೆ ಕೆಲವು ವಾದಗಳು. ಯಾವುದು ಗಟ್ಟಿ, ಯಾವುದು ಪೊಳ್ಳು ಅಂತ ಗುರುತು ಹಾಕಬೇಕು. ಇಷ್ಟೇನಾ ಅನಿಸಿತು. ಅಭ್ಯಾಸದ ಪೇಪರಿನಲ್ಲಿ ಅಂಕ ಹೋಗಿದ್ದು ಅಲ್ಲೇ.

ತಪ್ಪಾದ ಉತ್ತರಗಳನ್ನು ಒಂದು ಹಾಳೆಗೆ ಇಳಿಸಿದೆ. ಪಾರ್ಕಿಂಗ್ ಶುಲ್ಕದಂಥ ವಿಷಯದಲ್ಲಿ ಎಡವಿರಲಿಲ್ಲ. ಮರಣದಂಡನೆ ಇರಬೇಕಾ ಅನ್ನುವಲ್ಲಿ ಮಾತ್ರ ಪೂರಾ ಮುಗ್ಗರಿಸಿದ್ದೆ. ನಾನು ಅದನ್ನು ಒಪ್ಪುವವನಲ್ಲ. ಹಾಗಾಗಿ ‘ಬೇಡ’ ಅಂತ ಶುರುವಾದ ವಾದಕ್ಕೆಲ್ಲ ಟಿಕ್ ಬಿದ್ದಿತ್ತು. ‘ಬೇಡ, ಅದು ಅನಾಗರಿಕ’ ಅನ್ನುವುದಕ್ಕೂ! ಅದು ಬರೀ ಬೈಗುಳ. ‘ಬೇಡ, ಆಮೇಲೆ ನಿರಪರಾಧಿ ಅಂತ ಗೊತ್ತಾದರೆ ಶಿಕ್ಷೆ ವಾಪಸ್ ತೆಗೆದುಕೊಳ್ಳಲು ಆಗಲ್ಲ’ ಅನ್ನುವುದು ವಾದ.

ಪರೀಕ್ಷೆಯ ನಿಯಮ ವಿಚಿತ್ರ. ವಾದದಲ್ಲಿ ಹೇಳಿದ್ದು ನಿಜ ಅಂತಲೇ ಇಟ್ಟುಕೊಳ್ಳಬೇಕು. ಆಮೇಲೆ ಎರಡೇ ಪ್ರಶ್ನೆ. ಇದು ಮುಖ್ಯವಾದ ಸಂಗತಿಯಾ? ಕೇಳಿದ ಪ್ರಶ್ನೆಗೆ ನೇರವಾಗಿ ತಾಗುತ್ತಾ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತಲ್ಲ ಅಂತ ಸಿಟ್ಟು ಬಂದಿತ್ತು. ನಿಧಾನಕ್ಕೆ ಅದರ ಲಾಭ ಗೊತ್ತಾಯಿತು. ‘ನಿಜವೇ ಇರಲಿ, ಏನೀಗ?’ ಅಂತ ಮೊದಲು ಕೇಳಿದರೆ ಎಷ್ಟೋ ವಾದಗಳು ಅಲ್ಲೇ ಮಗುಚಿಕೊಳ್ಳುತ್ತವೆ. ಅವುಗಳ ಸತ್ಯಾಸತ್ಯ ಹುಡುಕಿಕೊಂಡು ಹೋಗುವ ಕೆಲಸವೇ ಇರುವುದಿಲ್ಲ.

ನಾನೇ ಕಂಡುಕೊಂಡ ಇನ್ನೊಂದು ಉಪಾಯ, ವಾದವನ್ನು ಎದುರು ಪಕ್ಷಕ್ಕೆ ಕೊಟ್ಟು ನೋಡುವುದು. ‘ಎಷ್ಟೋ ದೇಶಗಳು ಮರಣದಂಡನೆ ತೆಗೆದಿವೆ, ನಾವೂ ತೆಗೆಯೋಣ’ ಅನ್ನುವುದನ್ನು ಗಟ್ಟಿ ಅಂದಿದ್ದೆ. ತಿರುಗಿಸಿದೆ: ‘ಎಷ್ಟೋ ದೇಶಗಳು ಇಟ್ಟುಕೊಂಡಿವೆ, ನಾವೂ ಇಟ್ಟುಕೊಳ್ಳೋಣ.’ ಓದಿ ನನಗೇ ನಗು ಬಂತು.

ಮತದಾನ ಕಡ್ಡಾಯ ಮಾಡಬೇಕಾ ಅನ್ನುವ ಪ್ರಶ್ನೆಯಲ್ಲಿ ಜಾಸ್ತಿ ಹೊತ್ತು ಕೂತಿದ್ದೆ. ‘ಆಸ್ಟ್ರೇಲಿಯಾದಲ್ಲಿ ಇದೆ, ಇಲ್ಲೂ ಇರಲಿ’ ಅಂದರೆ ಪೊಳ್ಳು. ಅದೇ ಆಸ್ಟ್ರೇಲಿಯಾದಲ್ಲಿ 1922ರ ಚುನಾವಣೆಗೆ ಶೇ. 60ಕ್ಕೂ ಕಡಿಮೆ ಜನ ಬಂದಿದ್ದರು. 1924ರಲ್ಲಿ ಮತದಾನ ಕಡ್ಡಾಯ ಮಾಡುವ ಕಾನೂನು ಬಂತು. 1925ರ ಚುನಾವಣೆಯಲ್ಲಿ ಅದು ಶೇ. 91 ದಾಟಿತು. ಇದನ್ನು ಹಿಡಿದು ‘ಕಡ್ಡಾಯ ಮಾಡಿದರೆ ಹೆಚ್ಚು ಜನರ ಅಭಿಪ್ರಾಯ ಸರ್ಕಾರದಲ್ಲಿ ಕಾಣುತ್ತದೆ’ ಅಂದರೆ ಗಟ್ಟಿ. ‘ಮತ ಹಾಕದೆ ಇರುವುದೂ ಒಂದು ಹಕ್ಕು, ಅದನ್ನು ಕಿತ್ತುಕೊಂಡ ಹಾಗಾಗುತ್ತದೆ’ ಅನ್ನುವುದೂ ಗಟ್ಟಿಯೇ. ಒಂದಕ್ಕೆ ಟಿಕ್ ಹಾಕಿದರೆ ಇನ್ನೊಂದನ್ನು ಹೊಡೆದುಹಾಕಲೇಬೇಕು ಅಂದುಕೊಂಡಿದ್ದೆ ನೋಡಿ, ಅದೇ ನನ್ನ ಮೂಲ ತಪ್ಪು. ಗಟ್ಟಿ ಅಂದರೆ ಗೆದ್ದಿತು ಅಂತಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ, ಅಷ್ಟೇ.

ಪರೀಕ್ಷೆ ಪಾಸಾಯಿತು. ಆದರೆ ಒಂದು ವಾದ ತಲೆಯಲ್ಲೇ ಉಳಿಯಿತು. ‘ಮರಣದಂಡನೆ ಬೇಕು, ಆ ಭಯಕ್ಕೆ ಕೊಲೆ ಕಡಿಮೆಯಾಗುತ್ತದೆ.’ ನಿಜ ಅಂತ ಇಟ್ಟುಕೊಂಡರೆ ಇದು ಗಟ್ಟಿ ವಾದವೇ. ಹಾಗಾದರೆ ನಿಜವಾ ಅಂತ ಹುಡುಕಿದೆ. ಸುಳ್ಳು ಅಂತ ಸಾಬೀತಾಗಿರಲಿ ಅನ್ನುವ ಆಸೆ ಒಳಗೊಳಗೇ ಇತ್ತು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2012ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿತ್ತು. ಕೊಲೆ ಕಡಿಮೆಯಾಗುತ್ತದೋ, ಜಾಸ್ತಿಯಾಗುತ್ತದೋ, ಏನೂ ವ್ಯತ್ಯಾಸ ಇಲ್ಲವೋ, ಯಾವುದನ್ನೂ ಆ ಅಧ್ಯಯನಗಳಿಂದ ಹೇಳಲಾಗದು ಅನ್ನುವುದು ಅದರ ತೀರ್ಮಾನ. ಅಂದರೆ ಮರಣದಂಡನೆ ಬೇಕು ಅನ್ನುವವರ ಈ ವಾದವೂ ನಿಲ್ಲಲಿಲ್ಲ. ‘ಭಯದಿಂದ ಏನೂ ಪ್ರಯೋಜನವಿಲ್ಲ ಅಂತ ಸಾಬೀತಾಗಿದೆ’ ಅಂತ ನಾನು ಎಷ್ಟೋ ಸಲ ಗಂಟಲು ಹರಿದುಕೊಂಡಿದ್ದೆನಲ್ಲ, ಅದೂ ನಿಲ್ಲಲಿಲ್ಲ.