ಹಲಸಿನ ಹಲಗೆಯ ಮೇಲೆ ಸ್ಟ್ರೀಟ್ ಫೈಟರ್

ಸಾಗರದಲ್ಲಿ ನನ್ನದು ಟಿವಿ, ಯುಪಿಎಸ್ ರಿಪೇರಿ ಅಂಗಡಿ. ಭಾನುವಾರ ಮಧ್ಯಾಹ್ನ ಅಂಗಡಿಗೆ ರಜೆ, ಆದರೆ ಹಿಂದಿನ ಕೋಣೆಯ ಬೆಂಚಿನಲ್ಲಿ ಕೂರಲು ಜಾಗ ಇರುವುದಿಲ್ಲ. ಎದುರಿಗೆ ಒಂದು ಹಳೇ ಕಂಪ್ಯೂಟರ್ ಮಾನಿಟರ್. ಅದರ ಮುಂದೆ ಹಲಸಿನ ಹಲಗೆಯ ಎರಡು ಪೆಟ್ಟಿಗೆ. ಒಂದೊಂದರ ಮೇಲೂ ಒಂದು ಲಿವರ್, ಆರು ಬಟನ್. ಆಡುವವರು 12ರಿಂದ 19 ವರ್ಷದ ಮಕ್ಕಳು. ಅವರು ಆಡುವುದು ಇಬ್ಬರು ಪರದೆಯ ಮೇಲೆ ಹೊಡೆದಾಡುವ 1992ರ ವಿಡಿಯೊ ಆಟ, ಕ್ಯಾಪ್ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2ರ ಹೈಪರ್ ಫೈಟಿಂಗ್. ಅವರಲ್ಲಿ ಒಬ್ಬರೂ ಆಗ ಹುಟ್ಟಿರಲಿಲ್ಲ.

ಇದನ್ನೆಲ್ಲ ಹೇಗೆ ಮಾಡಿದೆ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ನನ್ನ ತಂಗಿಯ ಮಗನಿಂದ. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದ. ರಜೆಗೆ ಬಂದವನು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. 2004ರಲ್ಲಿ ಅಮೆರಿಕದಲ್ಲಿ ಇಂಥ ಹೊಡೆದಾಟದ ಆಟಗಳಿಗೆ ನಡೆಯುವ ಇವೊ ಪಂದ್ಯಾವಳಿಯಲ್ಲಿ ನಡೆದ ಆಟ ಅದು. ಸ್ಟ್ರೀಟ್ ಫೈಟರ್ 3ರ ಥರ್ಡ್ ಸ್ಟ್ರೈಕ್. ಜಪಾನಿನ ಡೈಗೊ ಉಮೆಹಾರ ಕೆನ್ ಅನ್ನುವ ಪಾತ್ರ ಹಿಡಿದಿದ್ದಾನೆ, ಎದುರಾಳಿ ಜಸ್ಟಿನ್ ವಾಂಗ್ ಚುನ್-ಲಿ ಅನ್ನುವ ಪಾತ್ರ. ಕೆನ್‌ಗೆ ಜೀವ ಒಂದು ಗೆರೆಯಷ್ಟು ಮಾತ್ರ ಉಳಿದಿದೆ. ಅಡ್ಡ ಹಿಡಿದರೂ ಸಾಯುತ್ತಾನೆ. ಚುನ್-ಲಿ ಸಾಲು ಸಾಲಾಗಿ ಒದೆಯುತ್ತಾಳೆ. ಡೈಗೊ ಒಂದೊಂದು ಒದೆಗೂ ಸರಿಯಾದ ಕ್ಷಣಕ್ಕೆ ಲಿವರನ್ನು ಮುಂದಕ್ಕೆ ತಟ್ಟಿ ಎಲ್ಲವನ್ನೂ ತಳ್ಳಿಹಾಕುತ್ತಾನೆ. ಕೊನೆಗೆ ತಿರುಗಿ ಹೊಡೆದು ಗೆಲ್ಲುತ್ತಾನೆ. ಹಿಂದೆ ಜನ ಕೂಗುವುದು ಕೇಳಿದರೆ ಈಗಲೂ ನನಗೆ ಮೈ ಜುಂ ಅನ್ನುತ್ತದೆ.

‘ಮಾವ, ನೀವು ಆಡ್ತಿದ್ದ ಆಟ ಇದೇ ಅಲ್ವಾ?’ ಅಂದ.

ಇದರ ಹಿಂದಿನದು ಕಣೋ ಅಂದೆ. ತೊಂಬತ್ತರ ದಶಕದಲ್ಲಿ ನಾನು ಶಿವಮೊಗ್ಗದಲ್ಲಿ ಐಟಿಐ ಮಾಡುವಾಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ವಿಡಿಯೊ ಗೇಮ್ ಪಾರ್ಲರ್ ಇತ್ತು. ಒಂದು ರೂಪಾಯಿಗೆ ಒಂದು ಕಾಯಿನ್. ಜಾಸ್ತಿ ಜನ ಮುತ್ತಿಕೊಳ್ಳುತ್ತಿದ್ದಿದ್ದು ‘ಮುಸ್ತಫಾ ಗೇಮ್’ಗೆ, ಅಂದರೆ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್‌ಗೆ. ಸ್ಟ್ರೀಟ್ ಫೈಟರ್ ಮಶೀನ್ ಮೂಲೆಯಲ್ಲಿತ್ತು. ಗೆದ್ದವನು ಕೂತಿರುತ್ತಿದ್ದ, ಸೋತವನು ಎದ್ದು ಹೋಗಿ ಸಾಲಿನ ಕೊನೆಗೆ ನಿಲ್ಲುತ್ತಿದ್ದ. ಕಾಯುತ್ತಾ ನಿಂತವರೆಲ್ಲ ಪರದೆಯನ್ನೇ ನೋಡಿ ಕಲಿಯುತ್ತಿದ್ದೆವು. ನಾನು ಆಟ ಕಲಿತಿದ್ದು ಅರ್ಧಕ್ಕರ್ಧ ಹಾಗೆ ನಿಂತೇ.

ಮೊದಲು ಅವನಿಗೆ ಕಂಪ್ಯೂಟರ್ ಕೀಬೋರ್ಡಿನಲ್ಲೇ ಆಡಿಸಿದೆ. 2018ರಲ್ಲಿ ಬಂದ ಸ್ಟ್ರೀಟ್ ಫೈಟರ್ ಮೂವತ್ತನೇ ವರ್ಷದ ಸಂಗ್ರಹ ಕೊಂಡಿದ್ದೆ. ಅದರಲ್ಲಿ ಹಳೆಯ 12 ಆಟಗಳಿವೆ. ಒಬ್ಬನೇ ಆಡುವಾಗ ಹೇಗೋ ನಡೆಯಿತು. ಇಬ್ಬರು ಒಂದೇ ಕೀಬೋರ್ಡಿಗೆ ಕೈ ಹಾಕಿದ ಕೂಡಲೇ ಕೆಟ್ಟಿತು. ಕಡಿಮೆ ಬೆಲೆಯ ಕೀಬೋರ್ಡ್ ಒಟ್ಟಿಗೆ ನಾಲ್ಕೈದು ಕೀ ಒತ್ತಿದರೆ ಎಲ್ಲವನ್ನೂ ಓದುವುದಿಲ್ಲ. ನಾನು ಕೆಳಗೆ ಒತ್ತಿ ಹಿಡಿದರೆ ಅವನ ಏಟು ನುಂಗಿಹೋಗುತ್ತಿತ್ತು. ಸೋತವನಿಗೆ ‘ನಾನು ಒತ್ತಿದ್ದೆ, ಅದೇ ತಗೊಳ್ಳಲಿಲ್ಲ’ ಅನ್ನಲು ಒಂದು ಕಾರಣ ಸಿಕ್ಕಿತು. ಈ ಮಾತು ಒಂದು ಸಲ ಶುರುವಾದರೆ ಮುಂದೆ ಯಾರೂ ಕಲಿಯುವುದಿಲ್ಲ. ಪೆಟ್ಟಿಗೆ ಮಾಡಲೇಬೇಕು ಅಂತ ನಿರ್ಧರಿಸಿದ್ದು ಆಗ.

ಮರದ ನಾರು ಒತ್ತಿ ಮಾಡುವ ಎಂಡಿಎಫ್ ಹಲಗೆ ಬೇಡ ಅಂತ ಮೊದಲೇ ಗೊತ್ತಿತ್ತು. ನಮ್ಮ ಮಳೆಗಾಲಕ್ಕೆ ಅದು ಬ್ರೆಡ್ಡಿನ ಹಾಗೆ ಉಬ್ಬುತ್ತದೆ. ಪಕ್ಕದ ಬೀದಿಯ ಆಚಾರ್ರ ಹತ್ತಿರ ಬಾಗಿಲು ಮಾಡಿ ಉಳಿದ ಹಲಸಿನ ತುಂಡುಗಳಿದ್ದವು. ಲಿವರ್ ಜಪಾನಿನ ಸಾನ್ವಾ ಕಂಪನಿಯದ್ದು, ಬಟನ್ ಕೂಡ ಅವರದ್ದೇ. ಬಟನ್ ತೂತು 30 ಮಿಲಿಮೀಟರ್, ಲಿವರ್ ಕಂಬಿಗೆ 24. ಇಲ್ಲಿ ನಾನೊಂದು ತಪ್ಪು ಮಾಡಿದೆ. ಪಕ್ಕದ ಕೊಕ್ಕೆಯಿಂದ ಸಿಕ್ಕಿಕೊಳ್ಳುವ ಬಟನ್ ತರಿಸಿದ್ದೆ. ಅದು ತೆಳು ತಗಡಿಗೆ, ಪ್ಲಾಸ್ಟಿಕ್ ಹಾಳೆಗೆ ಸರಿ. ದಪ್ಪ ಹಲಗೆಯಲ್ಲಿ ಕೊಕ್ಕೆಗೆ ಹಿಡಿತವೇ ಸಿಗುವುದಿಲ್ಲ. ಜೋರಾಗಿ ಆಡಿದರೆ ಬಟನ್ ಮೇಲೆದ್ದು ಬರುತ್ತಿತ್ತು. ಆಮೇಲೆ ಹಿಂದಿನಿಂದ ನಟ್ ಹಾಕಿ ಬಿಗಿ ಮಾಡುವ ಬಟನ್ ತರಿಸಿದೆ. ಆಚಾರ್ರು ಹಲಗೆಯನ್ನು ಅಡಿಯಿಂದ ಕೆತ್ತಿ ತೆಳು ಮಾಡಿಕೊಟ್ಟರು. ಮರದಲ್ಲಿ ಮಾಡುವವರು ಮೊದಲೇ ಇದನ್ನು ನೋಡಿಕೊಳ್ಳಿ.

ಒಳಗಿನ ಕೆಲಸ ಸುಲಭ. ರಾಸ್ಪ್‌ಬೆರಿ ಪೈ ಪಿಕೊ ಅನ್ನುವ ಪುಟ್ಟ ಬೋರ್ಡಿಗೆ ಜಿಪಿ2040-ಸಿಇ ಅನ್ನುವ ಉಚಿತ ತಂತ್ರಾಂಶ ಹಾಕಿದೆ. ಒಂದೊಂದು ಬಟನ್ನಿನ ಒಂದು ವೈರ್ ಬೋರ್ಡಿನ ಒಂದೊಂದು ಪಿನ್ನಿಗೆ, ಇನ್ನೊಂದು ವೈರ್ ಎಲ್ಲವೂ ಸೇರಿ ಗ್ರೌಂಡಿಗೆ. ಕಾಲಿಂಗ್ ಬೆಲ್ ವೈರಿಂಗ್ ಬಲ್ಲವರು ಒಂದು ಸಂಜೆಯಲ್ಲಿ ಮುಗಿಸಬಹುದು.

ಪೆಟ್ಟಿಗೆ ಆಯಿತು ಅಂತ ಮನೆಯ 32 ಇಂಚಿನ ಟಿವಿಗೆ ಹಾಕಿದೆ. ಏನೋ ಸರಿಯಿಲ್ಲ. ಬಟನ್ ಒತ್ತಿ ಸ್ವಲ್ಪ ತಡವಾಗಿ ಪರದೆಯಲ್ಲಿ ಕೈ ಏಳುತ್ತಿದೆ ಅನ್ನಿಸಿತು. ಟಿವಿ ರಿಪೇರಿ ಮಾಡುವ ನನಗೆ ಇದು ಹೊಳೆಯಲು ಅರ್ಧ ದಿನ ಬೇಕಾಯಿತು. ಈಗಿನ ಟಿವಿಗಳು ಚಿತ್ರ ಚಂದ ಕಾಣಲಿ ಅಂತ ಬಂದ ಚಿತ್ರವನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ತಿದ್ದುತ್ತವೆ. ಈ ಆಟ ಸೆಕೆಂಡಿಗೆ ಸುಮಾರು 60 ಚಿತ್ರ ಓಡಿಸುತ್ತದೆ. ಟಿವಿ ಮೂರು ಚಿತ್ರದಷ್ಟು ತಡ ಮಾಡಿದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹೋಯಿತು. ಸಿನಿಮಾ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಎದುರಾಳಿ ಹಾರಿ ಬರುವುದನ್ನು ನೋಡಿ ಹೊಡೆಯುವವನಿಗೆ ಆಟವೇ ಹೋಗುತ್ತದೆ. ಟಿವಿ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಆನ್ ಮಾಡಿದೆ, ಬಹಳಷ್ಟು ಸರಿಹೋಯಿತು. ಕೊನೆಗೆ ಅಂಗಡಿಯಲ್ಲಿ ಬಿದ್ದಿದ್ದ ಕಂಪ್ಯೂಟರ್ ಮಾನಿಟರೇ ಎಲ್ಲಕ್ಕಿಂತ ಚೆನ್ನಾಗಿ ಆಯಿತು.

ಇನ್ನು ಮಳೆ. ಆಷಾಢದಲ್ಲಿ ಒಂದು ಬಟನ್ ಸುಮ್ನೆ ಎರಡೆರಡು ಸಲ ಒತ್ತಿಕೊಳ್ಳತೊಡಗಿತು. ಒಳಗಿನ ಸ್ವಿಚ್ಚಿನ ಕಾಂಟ್ಯಾಕ್ಟ್ ತೇವಕ್ಕೆ ಹಾಳಾಗಿತ್ತು. ನಮ್ಮ ಕಡೆ ಫೋಟೊಗ್ರಾಫರುಗಳು ಕ್ಯಾಮರಾಕ್ಕೆ ಬೂಸ್ಟು ಹಿಡಿಯದಿರಲಿ ಅಂತ ಝೀರೊ ಬಲ್ಬ್ ಉರಿಯುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಾನೂ ಹಾಗೇ ಮಾಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಪೆಟ್ಟಿಗೆ ವಾರವಿಡೀ ಅಲ್ಲೇ ಬೆಚ್ಚಗಿರುತ್ತವೆ.

ಇಷ್ಟೆಲ್ಲ ಮಾಡಿದ್ದಕ್ಕಿಂತ ಕಷ್ಟ ಆಗಿದ್ದು ಮಕ್ಕಳನ್ನು ಎರಡನೇ ವಾರವೂ ಬರುವ ಹಾಗೆ ಮಾಡುವುದು. ಮೊದಲ ದಿನ ಎಲ್ಲರೂ ಬರುತ್ತಾರೆ. ಆಟದಲ್ಲಿರುವ ಭಾರತದ ಪಾತ್ರ ಧಾಲ್ಸಿಮ್‌ನನ್ನು ನೋಡಿ ನಗುತ್ತಾರೆ, ಅವನ ಹಿಂದೆ ಸಾಲಾಗಿ ನಿಂತ ಆನೆಗಳನ್ನು ನೋಡಿ ‘ಸಕ್ರೆಬೈಲು!’ ಅಂತ ಕೂಗುತ್ತಾರೆ. ನಾಲ್ಕು ಸಲ ಸೋತರೆ ಫೋನ್ ತೆಗೆಯುತ್ತಾರೆ. ನಾನು ಮಾಡಿದ ತಪ್ಪು ಅಂದರೆ ಮೊದಲು ಹಡೊಕೆನ್, ಅಂದರೆ ಕೈಯಿಂದ ಬೆಳಕಿನ ಉಂಡೆ ಎಸೆಯುವ ವಿಶೇಷ ಏಟು, ಕಲಿಸಿದ್ದು. ಲಿವರ್ ಕೆಳಗೆ, ಓರೆಗೆ, ಮುಂದಕ್ಕೆ, ಜೊತೆಗೆ ಗುದ್ದು. ನನಗೆ ಅದು ಇಷ್ಟ, ಅದಕ್ಕೇ ಮೊದಲು ಹೇಳಿಕೊಟ್ಟೆ. ಮಕ್ಕಳು ಪರದೆ ಬಿಟ್ಟು ಕೈ ನೋಡುತ್ತಾ ಕೂತರು. ಬಂದರೆ ಖುಷಿ, ಬಾರದಿದ್ದರೆ ಬೇಜಾರು. ಎದುರಿಗೊಬ್ಬ ಆಡುತ್ತಿದ್ದಾನೆ ಅನ್ನುವುದೇ ಅವರಿಗೆ ಮರೆತುಹೋಗುತ್ತಿತ್ತು.

ಆಮೇಲೆ ಕ್ರಮ ಬದಲಿಸಿದೆ. ಮೊದಲ ಎರಡು ವಾರ ವಿಶೇಷ ಏಟು ಯಾವುದೂ ಇಲ್ಲ. ನಡೆಯುವುದು, ಹಿಂದಕ್ಕೆ ಹಿಡಿದು ತಡೆಯುವುದು, ಒಂದು ಒದೆ. ಒಂದೇ ನಿಯಮ ಹಾಕಿದೆ, ಸುಮ್ಮಸುಮ್ಮನೆ ಹಾರಬಾರದು. ಈ ಆಟದಲ್ಲಿ ಒಂದು ಸಲ ನೆಲ ಬಿಟ್ಟರೆ ಸಾಮಾನ್ಯವಾಗಿ ದಾರಿ ಬದಲಿಸಲು ಆಗುವುದಿಲ್ಲ. ಎಲ್ಲಿ ಇಳಿಯುತ್ತಾನೆ ಅಂತ ಎದುರಿನವನಿಗೆ ಮೊದಲೇ ಗೊತ್ತು. ಹೊಸಬರು ಸೋಲುವುದರಲ್ಲಿ ಮುಕ್ಕಾಲು ಪಾಲು ಹೀಗೆ ಹಾರಿಯೇ. ಇದು ಕಣ್ಣಿಗೆ ಬಿದ್ದ ದಿನ ಆಟ ಅವರಿಗೆ ಬೇರೆಯಾಗಿ ಕಾಣುತ್ತದೆ.

ಪಕ್ಕದ ಮನೆಯ ಹುಡುಗಿಯೊಬ್ಬಳು ಬರುತ್ತಾಳೆ, ಆಗ ಎಂಟನೇ ಕ್ಲಾಸು. ಆರಿಸಿಕೊಂಡಿದ್ದು ಆಟದ ಪಾತ್ರಗಳಲ್ಲಿ ಗೈಲ್‌ನನ್ನು. ಗೈಲ್‌ಗೆ ತಾಳ್ಮೆ ಬೇಕು. ಲಿವರನ್ನು ಹಿಂದಕ್ಕೆ ಒತ್ತಿ ಹಿಡಿದು ಒಂದಷ್ಟು ಹೊತ್ತು ಕಾದು ಮುಂದಕ್ಕೆ ತಳ್ಳಿ ಗುದ್ದಿದರೆ ದೂರಕ್ಕೆ ಹಾರುವ ಏಟು, ಸಾನಿಕ್ ಬೂಮ್. ಕೆಳಗೆ ಹಿಡಿದು ಕಾದು ಮೇಲಕ್ಕೆ ತಳ್ಳಿ ಒದ್ದರೆ ಹಾರಿ ಬರುವವನಿಗೆ ಪಲ್ಟಿ ಒದೆ. ನನ್ನ ಸೋದರಳಿಯ ಆಡಿಸುವ ಪಾತ್ರವಾದ ರ್‍ಯೂ ಎದುರು ಅವಳು 19 ಸಲ ಒಂದೇ ಸಮ ಸೋತಳು. ಎಣಿಸಿದ್ದು ಅವಳೇ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ. ಇಪ್ಪತ್ತನೇ ಆಟದಲ್ಲಿ ಒಂದು ಬೂಮ್ ಬಿಟ್ಟವಳು ಮುಂದೆ ಓಡಲಿಲ್ಲ. ಲಿವರನ್ನು ಕೆಳಗಿನ ಹಿಂದಿನ ಮೂಲೆಗೆ ಒತ್ತಿ ಹಿಡಿದು ಕೂತಳು. ಸಾನ್ವಾ ಲಿವರಿನ ಗೇಟ್, ಅಂದರೆ ಲಿವರ್ ಓಡಾಡುವ ಚೌಕಟ್ಟು, ಚೌಕಾಕಾರ; ಮೂಲೆ ಎಲ್ಲಿದೆ ಅಂತ ಕೈಗೇ ಗೊತ್ತಾಗುತ್ತದೆ. ಅವಳ ಹೆಬ್ಬೆರಳು ಬೆಳ್ಳಗಾಗಿತ್ತು, ಅಷ್ಟು ಬಿಗಿ ಹಿಡಿದಿದ್ದಳು. ಇವನು ಬೂಮ್ ತಪ್ಪಿಸಲು ಹಾರಿದ. ಅವಳು ಮೇಲಕ್ಕೆ ತಳ್ಳಿ ಒದ್ದಳು. ರ್‍ಯೂ ಗಾಳಿಯಲ್ಲೇ ಮಗುಚಿ ಬಿದ್ದ. ಆಟ ಇನ್ನೂ ಮುಗಿದಿರಲಿಲ್ಲ, ಆದರೂ ಅವಳು ನನ್ನ ಕಡೆ ತಿರುಗಿ ‘ಅಂಕಲ್, ಅವನು ಹಾರಿದ್ದಲ್ಲ, ನಾನೇ ಹಾರಿಸಿದ್ದು!’ ಅಂದಳು.

ನಾನು ಎರಡು ವಾರ ಬಾಯಲ್ಲಿ ಹೇಳಿದ್ದನ್ನು ಅವಳು ಒಂದು ಮಾತಿನಲ್ಲಿ ಹೇಳಿದ್ದಳು. ದೂರದಿಂದ ಏನಾದರೂ ಎಸೆದರೆ ಎದುರಿನವನು ತಡೆಯಬೇಕು, ಇಲ್ಲ ಹಾರಬೇಕು. ಹಾರಿದರೆ ಹೊಡೆಯಲು ನೀನು ಮೊದಲೇ ಸಿದ್ಧ. ಹೆದರಿ ತಡೆಯುತ್ತಲೇ ಕೂತರೆ ಹತ್ತಿರ ಹೋಗಿ ಎತ್ತಿ ಒಗೆಯಬಹುದು. ಸ್ಟ್ರೀಟ್ ಫೈಟರ್ ಅಂದರೆ ಇಷ್ಟೇ, ಇದು ಮುಗಿಯುವುದೂ ಇಲ್ಲ.

ಕಾಂಬೊ, ಅಂದರೆ ಏಟಿನ ಹಿಂದೆ ಏಟು ಬಿಡದೆ ಜೋಡಿಸುವುದನ್ನು, ಕಲಿಸಲು ನನಗೆ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಅದನ್ನು ಕಲಿಸಿದ್ದು ಯಕ್ಷಗಾನಕ್ಕೆ ಚಂಡೆ ಕಲಿಯುತ್ತಿದ್ದ ಒಬ್ಬ ಹುಡುಗ. ಹಾರಿ ಒದೆ, ಕೂತು ಒದೆ, ಹಡೊಕೆನ್. ಮೂರೂ ಒಂದಕ್ಕೊಂದು ಅಂಟಿಕೊಂಡೇ ಬರಬೇಕು. ಅವನು ಬೆಂಚಿನ ಮೇಲೆ ಬೆರಳಲ್ಲಿ ಬಡಿದು, ಬಾಯಲ್ಲಿ ‘ತಾ, ಧಿಂ, ತಕಿಟ’ ಅಂತ ಹೇಳಿ ತೋರಿಸಿದ. ಬಟನ್ ಎಣಿಸುತ್ತಿದ್ದ ಮಕ್ಕಳಿಗೆ ತಾಳ ಸಿಕ್ಕಿತು, ಒಂದೇ ದಿನದಲ್ಲಿ ಮೂವರಿಗೆ ಬಂತು. ಈ ಕಾಂಬೊ ಅನ್ನುವುದು ಬೇಕು ಅಂತ ಮಾಡಿದ್ದೂ ಅಲ್ಲವಂತೆ. 1991ರ ಮೂಲ ಆಟದ ಕೆಲಸ ನಡೆಯುವಾಗ ಕಾರು ಒಡೆಯುವ ಬೋನಸ್ ಹಂತದಲ್ಲಿ ಒಂದು ಏಟಿನ ಬಾಲಕ್ಕೆ ಇನ್ನೊಂದು ಏಟು ಸೇರುತ್ತಿರುವುದನ್ನು ಆಟದ ನಿರ್ಮಾಪಕ ನೊರಿಟಾಕ ಫುನಾಮಿಝು ಗಮನಿಸಿದರು. ಇಷ್ಟು ಕಷ್ಟದ್ದನ್ನು ಯಾರು ಬಳಸುತ್ತಾರೆ ಅಂತ ಹಾಗೇ ಬಿಟ್ಟರು. ಈ ಕತೆ ಹೇಳಿದಾಗ ಮಕ್ಕಳ ಕಣ್ಣು ಅರಳಿತ್ತು.

ಇವರಿಗೆ ಹೊಸ ಆಟ ಗೊತ್ತಿಲ್ಲ ಅಂತಲ್ಲ. ಫೋನಿನಲ್ಲಿ ದಿನಾ ಆಡುತ್ತಾರೆ. ಒಬ್ಬನ ಹತ್ತಿರ 2023ರ ಸ್ಟ್ರೀಟ್ ಫೈಟರ್ 6 ಇದೆ. ಅದರಲ್ಲಿ ಹೊಸಬರಿಗಾಗಿ ಒಂದೇ ಬಟನ್ನಿಗೆ ಹಡೊಕೆನ್ ಬರುವ ಮಾಡರ್ನ್ ಕ್ರಮ ಇದೆ. ಒಳ್ಳೆಯದೇ ಮಾಡಿದ್ದಾರೆ. ಬೇಕಾದರೆ ಲಿವರಿನ ಹಳೇ ತಿರುವಿನಲ್ಲೂ ಆಡಬಹುದು. 1987ರ ಮೊದಲ ಆಟದಲ್ಲಿ ರ್‍ಯೂಗೆ ಇದ್ದ ಅದೇ ತಿರುವು. ಅವನು ಇಲ್ಲಿ ಕಲಿತ ಕೈಯಲ್ಲೇ ಅಲ್ಲಿ ಆಡುತ್ತಾನೆ.

ಮತ್ತೆ ಯಾಕೆ ಭಾನುವಾರ ಈ ಹಳೇ ಆಟಕ್ಕೆ ಬರುತ್ತೀರಿ ಅಂತ ಕೇಳಿದ್ದೆ. ಚಂಡೆಯ ಹುಡುಗ ಹೇಳಿದ್ದು: ‘ಇದ್ರಲ್ಲಿ ಎಂತಕ್ಕೆ ಸೋತೆ ಅಂತ ಗೊತ್ತಾಗ್ತದೆ.’ ನನಗೂ ಅದೇ ನಿಜ ಅನ್ನಿಸುತ್ತದೆ. ಇಲ್ಲಿ ದುಡ್ಡು ಕೊಟ್ಟು ತೆಗೆದುಕೊಳ್ಳುವ ಬಲ ಇಲ್ಲ. ವಾರಕ್ಕೊಂದು ಸಲ ಆಟ ಬದಲಾಗುವುದಿಲ್ಲ. ನಾನು ಆ ಪಾರ್ಲರಿನಲ್ಲಿ ನಿಂತು ನೋಡಿ ಕಲಿತದ್ದು ಇವತ್ತಿಗೂ ನಡೆಯುತ್ತದೆ. ಪರದೆಯ ಮೇಲೆ 99ರಿಂದ ಇಳಿಯುವ ಗಡಿಯಾರ, ಮೂರರಲ್ಲಿ ಎರಡು ಗೆದ್ದರೆ ಮುಗಿಯಿತು. ಕಾಯುವವರಿಗೆ ಬೇಗ ಸರದಿ ಬರುತ್ತದೆ. ಸೋಲಿಸಿದವನು ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾನೆ, ಹೇಗೆ ಹೊಡೆದೆ ಅಂತ ಅವನನ್ನೇ ಕೇಳಬಹುದು.

ಸೋದರಳಿಯ ಈಗ ಬೆಂಗಳೂರಿನಲ್ಲಿದ್ದಾನೆ. ಇಂಟರ್ನೆಟ್ಟಿನಲ್ಲೇ ಇಲ್ಲಿಯವರ ಜೊತೆ ಆಡುತ್ತಾನೆ. ಹಳೇ ಆಟಗಳಿಗೆ ಇದನ್ನು ಸಾಧ್ಯ ಮಾಡಿದ್ದು ರೋಲ್‌ಬ್ಯಾಕ್ ಅನ್ನುವ ವಿಧಾನ. ಟೋನಿ ಕ್ಯಾನನ್ ಅನ್ನುವವರು ಜಿಜಿಪಿಒ ಎಂಬ ಹೆಸರಲ್ಲಿ ಬರೆದರು. ದೂರದವನ ಕೈ ಏನು ಒತ್ತಿತು ಅಂತ ಸುದ್ದಿ ಬರುವ ಮೊದಲೇ ಕಂಪ್ಯೂಟರ್ ಊಹಿಸಿ ಆಟ ಮುಂದುವರಿಸುತ್ತದೆ. ಊಹೆ ತಪ್ಪಾದರೆ ಕೆಲವು ಚಿತ್ರ ಹಿಂದೆ ಹೋಗಿ ಸರಿಮಾಡಿಕೊಂಡು ಮತ್ತೆ ಓಡಿಸುತ್ತದೆ, ಕಣ್ಣಿಗೆ ಹೆಚ್ಚು ತಿಳಿಯದ ಹಾಗೆ. ಕರೆಂಟ್ ಇದ್ದು ನೆಟ್ ಚೆನ್ನಾಗಿದ್ದ ರಾತ್ರಿ ಅವನು ಪಕ್ಕದಲ್ಲೇ ಕೂತ ಹಾಗಿರುತ್ತದೆ. ಜುಲೈ ತಿಂಗಳಲ್ಲಿ ಅಂಥ ರಾತ್ರಿ ಕಡಿಮೆ.

ಆ ಹುಡುಗಿ ಈಗ ಹತ್ತನೇ ಕ್ಲಾಸು. ಪರೀಕ್ಷೆ ಮುಗಿಯುವವರೆಗೆ ತಿಂಗಳಿಗೆ ಒಂದೇ ಭಾನುವಾರ ಅಂತ ಅವಳ ಅಮ್ಮ ಹೇಳಿದ್ದಾರೆ. ಬಂದ ದಿನ ಹೊಸಬರ ಪಕ್ಕ ಅವಳೇ ಕೂರುತ್ತಾಳೆ. ಚಿಕ್ಕ ಮಕ್ಕಳ ಕೈಗೆ ಬಟನ್ ದೂರ ಆಗುತ್ತದೆ, ಒಂದು ಸಣ್ಣ ಪೆಟ್ಟಿಗೆ ಮಾಡಿ ಅಂದಿದ್ದಾಳೆ. ರಟ್ಟಿನ ಮೇಲೆ ತನ್ನ ತಮ್ಮನ ಅಂಗೈ ಇಟ್ಟು ಗೆರೆ ಎಳೆದುಕೊಟ್ಟಿದ್ದಾಳೆ. ರಟ್ಟು ಆಚಾರ್ರ ಹತ್ತಿರ ಇದೆ, ಬುಧವಾರ ಹಲಗೆ ಕೊಯ್ಯುತ್ತಾರೆ.